ಸಹಾಯ ಬೇಕು: ಅಮ್ಮನ ಮನೆಗೆ ಬ್ಯಾಂಕ್ ನೋಟಿಸ್, 22 ದಿನ ಆಗಲೇ ಕಳೆದಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸೋಮವಾರಪೇಟೆ ಕಡೆ. 2018ರ ಆಗಸ್ಟ್ ಮಳೆಗೆ ಮನೆ ಹಿಂದಿನ ಮಣ್ಣಿನ ಬರೆ ಜರಿದು ಅಡುಗೆಮನೆ ಗೋಡೆ ಬಿತ್ತು. ಅದನ್ನು ಕಟ್ಟಿಸೋಕೆ ಅಪ್ಪ ಮನೆ ಅಡವಿಟ್ಟು ಸಾಲ ಮಾಡಿದ್ದರು. ಈಗ ಅಪ್ಪ ಇಲ್ಲ. ಏಳು ತಿಂಗಳಿಂದ ಕಂತು ಕಟ್ಟೋಕೆ ಆಗಿಲ್ಲ.

ಮೊನ್ನೆ ಹುತ್ತರಿ ಹಬ್ಬಕ್ಕೆ ಊರಿಗೆ ಹೋದಾಗ ಅಕ್ಕಿ ಡಬ್ಬದ ಕೆಳಗೆ ಆ ಕವರ್ ಸಿಕ್ಕಿತು. ಸರ್ಫೇಸಿ ಕಾಯ್ದೆಯ (ಸಾಲ ಕಟ್ಟದಿದ್ದರೆ ಬ್ಯಾಂಕ್ ಅಡವಿಟ್ಟ ಆಸ್ತಿಯನ್ನು ಸ್ವಾಧೀನಕ್ಕೆ ತಗೊಳ್ಳೋ ಕಾನೂನು) 13(2) ನೋಟಿಸ್, ಬಾಕಿ ಪೂರ್ತಿ ಕಟ್ಟೋಕೆ 60 ದಿನದ ಗಡುವು. ನಮಗೆ ಚಿಂತೆ ಬೇಡ ಅಂತ ಅಮ್ಮ ಮುಚ್ಚಿಟ್ಟಿದ್ದರು. ಓದಿ ನನ್ನ ಕೈ ನಡುಗಿತು.

ಒಬ್ಬ ಪರಿಚಯದ ವಕೀಲರು ಹೇಳಿದ್ದು ಇಷ್ಟು. ಈ ಗಡುವಿನೊಳಗೆ ಆಕ್ಷೇಪಣೆ ಬರೆದು ಕೊಟ್ಟರೆ ಬ್ಯಾಂಕ್ 15 ದಿನದಲ್ಲಿ ಉತ್ತರ ಕೊಡಲೇಬೇಕು. ಮುಂದೆ ಮನೆ ಸ್ವಾಧೀನಕ್ಕೆ ಬಂದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಇದೆ. ಸೋಮವಾರ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗ್ತೀನಿ.

ನಿಮ್ಮಲ್ಲಿ ಯಾರಾದರೂ ಇದನ್ನು ದಾಟಿ ಬಂದಿದ್ದೀರಾ? ಆಕ್ಷೇಪಣೆಯಲ್ಲಿ ಏನೇನು ಬರೆದಿರಿ? ಕಾಫಿ ಕೊಯ್ಲು ಮುಗಿದರೆ ಸ್ವಲ್ಪ ದುಡ್ಡು ಬರುತ್ತೆ, ಬಾಕಿಯಲ್ಲಿ ಒಂದು ಭಾಗ ಕಟ್ಟಿ ಕಂತಿನ ಅವಧಿ ಹೆಚ್ಚಿಸಿಕೊಳ್ಳೋಕೆ ಒಪ್ತಾರಾ? ಸಾಲದ ಜೊತೆ ಅಪ್ಪನ ಹೆಸರಲ್ಲಿ ವಿಮೆ ಇತ್ತಾ ಅಂತ ಬ್ಯಾಂಕಿನಲ್ಲಿ ಯಾವ ಕಾಗದ ಕೇಳಬೇಕು? ಇದನ್ನು ಯಾರೂ ಮೊದಲೇ ಹೇಳೋದಿಲ್ಲ, ಅಲ್ವಾ.

ದಯವಿಟ್ಟು ಗೊತ್ತಿದ್ದವರು ಬರೆಯಿರಿ. ಅಮ್ಮ ಆ ಮನೆ ಬಿಟ್ಟು ಬೇರೆಲ್ಲೂ ಇದ್ದವರಲ್ಲ.