ಪ್ರೀಮಿಯಂ ಧೂಳು

"ನೀನು ಹುಟ್ಟಿದ್ದು ಯಾವ ವರ್ಷ?" ಎಂದು ಕೇಳಿದೆ.

"2004, ಯಾಕೆ ಮಾವ?" ಎಂದ ಪ್ರಜ್ವಲ.

"ಹಾಗಾದ್ರೆ ಹುಟ್ಟುವ ಆರು ವರ್ಷ ಮೊದಲೇ ಬೇಕಲ ಕೋಟೆ ನೋಡಿ ಬಂದಿದ್ದೀಯ. ಹುಷಾರಿ ಮಾರಾಯ."

ಅವನ ಫೋನು ಗೋಳಿಬಜೆ ತಟ್ಟೆಗೆ ಒರಗಿ ನಿಂತಿತ್ತು. ಫೋಟೊದಲ್ಲಿ ಅವನೇ, ಕೋಟೆಯ ಬುರುಜಿನ ಮೇಲೆ. ಬಣ್ಣವೆಲ್ಲ ಹಳದಿಗೆ ತಿರುಗಿದೆ. ಮೇಲಿಂದ ಕೆಳಗೆ ಎರಡು ಗೀರು, ಅಲ್ಲಲ್ಲಿ ಧೂಳು. ಬಲಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಕು, '98 ಅಂತ.

"ಅದು ವಿಂಟೇಜ್ ಲುಕ್. ಆ್ಯಪ್‌ನಲ್ಲಿ ಬರ್ತದೆ."

ಮಾಸ್ಟ್ರು ಕನ್ನಡಕ ಏರಿಸಿಕೊಂಡರು. "ತಾರೀಕು ಹಿಂದೆ ಹಾಕ್ಲಿಕ್ಕೆ ಆಗ್ತದಾ? ಹಾಗಾದ್ರೆ 1956 ಅಕ್ಟೋಬರ್ 31ಕ್ಕೆ ಇಡು. ಇಟ್ಟು ಅಲ್ಲೇ ನಿಲ್ಲಿಸು."

ಕುಂಬಳೆಯ ಈ ಚಾದಂಗಡಿಯಲ್ಲಿ ಯಾವ ವಿಷಯ ಎತ್ತಿದರೂ ಮಾಸ್ಟ್ರು ಅದನ್ನು ಹತ್ತು ನಿಮಿಷದೊಳಗೆ ಕಾಸರಗೋಡು ಕೇರಳಕ್ಕೆ ಸೇರಿದ ದಿನಕ್ಕೆ ತಂದು ಮುಟ್ಟಿಸುತ್ತಾರೆ. ಇವತ್ತು ಎರಡೇ ನಿಮಿಷ ಸಾಕಾಯಿತು.

"ಧೂಳು ಕೂಡ ಆ್ಯಪೇ ಹಾಕೋದಾ?" ರೈಗಳು ಕೇಳಿದರು.

"ಹೌದು. ಫ್ರೀಯಲ್ಲಿ ಮೂರು ಬಗೆಯ ಧೂಳು. ಪ್ರೀಮಿಯಂ ಆದ್ರೆ ಹನ್ನೆರಡು ಬಗೆ. ತಿಂಗಳಿಗೆ ತೊಂಬತ್ತೊಂಬತ್ತು ರೂಪಾಯಿ."

"ನನ್ನ ಅಡಕೆ ಅಂಗಳದಲ್ಲಿ ಲೋಡುಗಟ್ಟಲೆ ಉಂಟಲ್ಲ! ಚೀಲಕ್ಕೆ ಎಷ್ಟು ಕೊಡ್ತಾರೆ ಕೇಳು."

ನನಗೆ ನಗು ಬರಲಿಲ್ಲ. ಇಪ್ಪತ್ತೈದು ವರ್ಷ ನಾನು ಮಾಡಿದ ಕೆಲಸ ಒಂದೇ. ಧೂಳು ತೆಗೆಯುವುದು. ನೆಗೆಟಿವ್ ಮೇಲೆ ಒಂದು ಕಣ ಕೂತರೆ ಪ್ರಿಂಟ್‌ನಲ್ಲಿ ಮದುಮಗಳ ಹಣೆಗೆ ಬಿಳಿ ಚುಕ್ಕೆ. ಅದನ್ನು ಮುಚ್ಚಲು ನಾಲ್ಕು ಕೂದಲಿನ ಬ್ರಷ್ಷು, ನಾಲಿಗೆಯಲ್ಲಿ ಒದ್ದೆ ಮಾಡಿ, ಬೂದು ಬಣ್ಣ ಅದ್ದಿ, ಉಸಿರು ಬಿಗಿಹಿಡಿದು ಚುಕ್ಕೆ ಚುಕ್ಕೆಯಾಗಿ ಇಡಬೇಕು.

"ಅದೂ ಅಲ್ಲದೆ, ಇದು ತಪ್ಪು ಧೂಳು" ಎಂದೆ. "ನೆಗೆಟಿವ್ ಧೂಳಾದ್ರೆ ಬಿಳಿ, ಸ್ಲೈಡ್ ಧೂಳಾದ್ರೆ ಕಪ್ಪು. ನಿನ್ನ ಮೂಗಿನ ಮೇಲೆ ಬಿಳಿ ಉಂಟು, ಕಿವಿಯ ಹತ್ರ ಕಪ್ಪು ಉಂಟು. ತೊಂಬತ್ತೊಂಬತ್ತು ರೂಪಾಯಿ ತಗೊಂಡು ಬೆರಕೆ ಧೂಳು ಕೊಟ್ಟಿದ್ದಾರೆ."

"ಗೀರು ಬಿದ್ರೆ ಎಂತ ಮಾಡ್ತಿದ್ರಿ?"

"ಮೂಗಿನ ಎಣ್ಣೆ."

"ಎಂತದು?"

"ಮೂಗಿನ ಬದಿಗೆ ಬೆರಳು ಒರೆಸಿ, ಅದರ ಜಿಡ್ಡನ್ನು ನೆಗೆಟಿವ್‌ನ ಹಿಂಬದಿಯ ಗೀರಿಗೆ ಸವರೋದು. ಗೀರು ತುಂಬ್ತದೆ, ಪ್ರಿಂಟ್‌ನಲ್ಲಿ ಕಾಣೋದಿಲ್ಲ."

ರೈಗಳು ಕೈಯಲ್ಲಿದ್ದ ಗೋಳಿಬಜೆ ತಟ್ಟೆಗೆ ಇಟ್ಟರು. "ನನ್ನ ಮದುವೆ ಫೋಟೊ ನೀನೇ ಅಲ್ವಾ ತೆಗೆದದ್ದು?"

"ಹೌದು. ನಿಮ್ಮ ಅತ್ತೆಯ ಮುಖದ ಮೇಲೆ ಸ್ವಲ್ಪ ಜಾಸ್ತಿಯೇ ಸವರಿದ್ದೆ."

ಮಳೆ ಜೋರಾಯಿತು. ಇನ್ನೊಂದು ಸುತ್ತು ಚಾ ಬಂತು. ಪ್ರಜ್ವಲನಿಗೆ ಡಾರ್ಕ್‌ರೂಮ್ ಎಲ್ಲಿತ್ತೆಂದು ತಿಳಿಯಬೇಕಿತ್ತು. ನಮ್ಮ ಮನೆಯ ಉಗ್ರಾಣ, ಮತ್ತೆಲ್ಲಿ? ಕಿಟಕಿ ಇಲ್ಲದ ಕೋಣೆ ಅದೊಂದೇ. ಒಂದು ಬದಿಗೆ ಉಪ್ಪಿನಕಾಯಿ ಭರಣಿ, ಇನ್ನೊಂದು ಬದಿಗೆ ನೆಗೆಟಿವ್‌ನಿಂದ ಪ್ರಿಂಟ್ ಮಾಡುವ ಎನ್‌ಲಾರ್ಜರ್, ಮೇಲೊಂದು ಕೆಂಪು ಬಲ್ಬು. ಚಿತ್ರ ಮಾಸದ ಹಾಗೆ ಫಿಕ್ಸ್ ಮಾಡುವ ಹೈಪೊ ನೋಡಲು ಥೇಟ್ ಕಲ್ಲುಸಕ್ಕರೆ. ಒಂದು ವರ್ಷ ಅಮ್ಮ ಅದನ್ನು ಉಪ್ಪಿನ ಹರಳೆಂದು ಮಾವಿನಮಿಡಿಗೆ ಸುರಿಯುವುದರಲ್ಲಿದ್ದರು.

"ಸುರಿದಿದ್ರೆ ಒಳ್ಳೇದಿತ್ತು" ಎಂದರು ಮಾಸ್ಟ್ರು. "ಉಪ್ಪಿನಕಾಯಿ ಫಿಕ್ಸ್ ಆಗಿ ಇವತ್ತಿಗೂ ಮಾಸದೆ ಇರ್ತಿತ್ತು."

ಅದಕ್ಕಿಂತ ದೊಡ್ಡ ತಾಪತ್ರಯ ಸೆಕೆ. ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, 20 ಡಿಗ್ರಿಯಲ್ಲಿರಬೇಕು ಎಂದು ಪೊಟ್ಟಣದ ಮೇಲೆ ಬರೆದಿರುತ್ತಿತ್ತು. ಮೇ ತಿಂಗಳಲ್ಲಿ ನಮ್ಮ ಬಾವಿಯ ನೀರೇ 30ರ ಹತ್ತಿರ. ಫ್ರಿಜ್ ಇಲ್ಲ. ಐಸ್ ಸಿಗುವುದು ಕಡಪ್ಪುರದಲ್ಲಿ ಮಾತ್ರ, ಅದೂ ಮೀನಿಗೆ ಹಾಕುವ ಐಸು.

"ಗೋಣಿಯಲ್ಲಿ ಸುತ್ತಿ, ಸೈಕಲಿನಲ್ಲಿ ನಾನೇ ತಂದು ಕೊಡ್ತಿದ್ದದ್ದು" ಎಂದ ಅದ್ದುಲ್ಲಚ್ಚ. ಅಷ್ಟು ಹೊತ್ತು ಅವನು ಸುಮ್ನೆ ಮಳೆ ನೋಡುತ್ತಾ ಕೂತಿದ್ದ. "ಹಿಂದಿನ ಬಾಗಿಲಲ್ಲಿ. ಭಟ್ರ ಮನೆಗೆ ಬಂಗುಡೆ ವಾಸನೆಯ ಐಸು!"

"ಅಮ್ಮ ಕೇಳಿದ್ರೆ ಸೋಡಾ ಫ್ಯಾಕ್ಟರಿದು ಅಂತಿದ್ದೆ."

"ಅಮ್ಮನಿಗೆ ಗೊತ್ತಿತ್ತು" ಎಂದ ಅದ್ದುಲ್ಲಚ್ಚ. "ಪ್ರತಿ ಸಲ ನನಗೆ ಮಜ್ಜಿಗೆ ಕೊಟ್ಟು, ನಾಳೆ ತೋಡಿನ ಬದಿಯಿಂದ ಬಾ, ಅಲ್ಲಿ ಯಾರೂ ನೋಡೋದಿಲ್ಲ ಅಂತಿದ್ರು."

ಇದು ನನಗೆ ಗೊತ್ತಿರಲಿಲ್ಲ. ನಲವತ್ತು ವರ್ಷದ ಮೇಲೆ ಗೊತ್ತಾಗುತ್ತಿದೆ.

ಮಾತು ಯಕ್ಷಗಾನಕ್ಕೆ ಹೊರಳಿತು. ದೇವಿ ಮಹಾತ್ಮೆಯ ಮಹಿಷಾಸುರ ಸಭೆಯ ನಡುವಿನಿಂದ ದೊಂದಿ ಹಿಡಿದು ಬರುವುದನ್ನು ತೆಗೆಯಲೆಂದು ರಾತ್ರಿಯಿಡೀ ಜಿಪುಣತನ ಮಾಡಿದ್ದೆ. ರೋಲಿನಲ್ಲಿ ಇರುವುದು ಮೂವತ್ತಾರು. ದೇವೇಂದ್ರನಿಗೆ ಎರಡು, ಮಾಲಿನಿಗೆ ನಾಲ್ಕು, ಹೀಗೆ ಲೆಕ್ಕ ಇಟ್ಟು ಮಹಿಷನಿಗೆ ಎಂದು ಹತ್ತು ಉಳಿಸಿದೆ. ರಾಳ ಭಗ್ ಎಂದಿತು, ಹತ್ತೂ ಹೊಡೆದೆ. ಲೆಕ್ಕದ ಮುಳ್ಳು ಮೂವತ್ತಾರು ದಾಟಿ ಮೂವತ್ತೇಳು, ಮೂವತ್ತೆಂಟು ಎಂದು ಹೋಗುತ್ತಲೇ ಇತ್ತು. ಫಿಲ್ಮು ಕ್ಯಾಮೆರಾದೊಳಗೆ ಅದನ್ನು ಎಳೆದು ಸುತ್ತುವ ಸ್ಪೂಲಿಗೆ ಸಿಕ್ಕಿಯೇ ಇರಲಿಲ್ಲ. ಮಹಿಷನೂ ಇಲ್ಲ, ದೇವೇಂದ್ರನೂ ಇಲ್ಲ.

"ಅದಕ್ಕೇ ಡಿಜಿಟಲ್ ತಗೊಂಡ್ರಾ?" ಪ್ರಜ್ವಲ ಕೇಳಿದ.

ಹೌದು, 2005ರಲ್ಲಿ. ಡಿಜಿಟಲ್ ಮೇಲೆ ನನಗೆ ಸಿಟ್ಟಿಲ್ಲ. ತೆಗೆದದ್ದು ಕೂಡಲೇ ಕಾಣುತ್ತದೆ ಎಂದು ಮೊದಲ ವಾರ ಮಕ್ಕಳ ಹಾಗೆ ಕುಣಿದಿದ್ದೆ. 1975ರಲ್ಲಿ ಕೊಡಾಕ್ ಕಂಪೆನಿಯ ಸ್ಟೀವನ್ ಸ್ಯಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಅಷ್ಟು ಹೊತ್ತಿನಲ್ಲಿ ಪ್ರಜ್ವಲ ಐವತ್ತು ಸೆಲ್ಫಿ ತೆಗೆದು ನಲವತ್ತೊಂಬತ್ತನ್ನು ಅಳಿಸಿರುತ್ತಾನೆ. ಅಳಿಸಲಿ. ಉಳಿದ ಒಂದಕ್ಕೆ ಯಾಕೆ ಧೂಳು ಹಾಕಬೇಕು ಎನ್ನುವುದಷ್ಟೇ ನನ್ನ ತಕರಾರು.

"ಹಳೇದು ಅಂದ್ರೆ ಒಂದು ಫೀಲ್ ಮಾವ. ಈ ಹಳದಿ ನೋಡಿ."

"ಆ ಹಳದಿ ಫೀಲ್ ಅಲ್ಲ, ಸೋಮಾರಿತನ. ಪ್ರಿಂಟನ್ನು ಹರಿಯುವ ನೀರಲ್ಲಿ ಒಂದು ಗಂಟೆ ತೊಳೀಬೇಕು. ತೊಳೀದೆ ಬಿಟ್ರೆ ಹೈಪೊ ಒಳಗೇ ಉಳಿದು, ವರ್ಷ ಹೋದ ಹಾಗೆ ಹಳದಿ ಆಗ್ತದೆ. ನಾಚಿಕೆಗೇಡಿನ ಬಣ್ಣ ಅದು."

ಅದ್ದುಲ್ಲಚ್ಚ ಪರ್ಸ್ ತೆಗೆದ. ಒಳಗಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಸಣ್ಣ ಫೋಟೊ ಎಳೆದು ಮೇಜಿನ ಮೇಲೆ ಇಟ್ಟ. ತಲೆಗೆ ತಟ್ಟ ಹಾಕಿದ ಹೆಂಗಸು, ಕಿವಿ ತುಂಬ ಅಲಿಕತ್ತು. ಇಡೀ ಮುಖ ಅರಸಿನ ಹಚ್ಚಿದ ಹಾಗೆ.

"ವಾವ್! ಇದು ಯಾವ ಫಿಲ್ಟರ್?" ಎಂದ ಪ್ರಜ್ವಲ.

ಯಾರೂ ಮಾತಾಡಲಿಲ್ಲ. 1983ರ ಮೇ. ಐಸಿನ ದುಡ್ಡು ಕೊಡಲು ಹೋದರೆ, ದುಡ್ಡು ಬೇಡ, ಉಮ್ಮನದ್ದೊಂದು ಫೋಟೊ ಮಾಡಿಕೊಡು, ಮರುದಿನ ಬೆಳಗ್ಗೆ ಬೊಂಬಾಯಿ ಬಸ್ಸು, ಅಲ್ಲಿಂದ ಶಾರ್ಜಾ ಎಂದಿದ್ದ. ಬಾವಿಯಲ್ಲಿ ತಳ ಕಾಣುತ್ತಿತ್ತು. ಒಂದು ಗಂಟೆ ಎಲ್ಲಿ, ನಾಲ್ಕು ಕೊಡಪಾನ ನೀರಲ್ಲಿ ಅದ್ದಿ ತೆಗೆದು, ಒಣಗುವ ಮೊದಲೇ ಅವನ ಕೈಗಿಟ್ಟಿದ್ದೆ.

"ಬಾವಿ ಬತ್ತಿತ್ತು" ಎಂದೆ. ನನ್ನ ಸ್ವರ ನನಗೇ ಸಣ್ಣದಾಗಿ ಕೇಳಿಸಿತು.

"ಗೊತ್ತುಂಟು" ಎಂದ ಅದ್ದುಲ್ಲಚ್ಚ.

"ಅಷ್ಟೇನಾ? ಈ ಹಳದಿ ಈಗ ತೆಗೀಬಹುದು" ಎಂದು ಪ್ರಜ್ವಲ ಫೋನಿನಲ್ಲಿ ಅದರದ್ದೊಂದು ಫೋಟೊ ತೆಗೆದು ಎಲ್ಲೋ ಒತ್ತಿದ. ಎರಡೇ ಸೆಕೆಂಡು. ಹಳದಿ ಹೋಯಿತು, ಮಡಿಕೆಯ ಗೆರೆ ಹೋಯಿತು, ಮುಖ ತೊಳೆದ ಹಾಗೆ ಬೆಳ್ಳಗಾಯಿತು. ನಾನು ಮಾಡದೆ ಬಿಟ್ಟ ಒಂದು ಗಂಟೆಯ ಕೆಲಸ.

ಅದ್ದುಲ್ಲಚ್ಚ ಫೋನನ್ನು ದೂರ ಹಿಡಿದು ನೋಡಿದ, ಹತ್ತಿರ ತಂದು ನೋಡಿದ.

"ಉಮ್ಮನ ಮಚ್ಚೆ ಎಲ್ಲಿ?"

ಎಡ ಕೆನ್ನೆ ನುಣ್ಣಗಿತ್ತು. ಆ್ಯಪ್ ಅದನ್ನು ಧೂಳೆಂದು ಒರೆಸಿಬಿಟ್ಟಿತ್ತು.

"ಒಂದ್ನಿಮಿಷ, ತಿರುಗಿ ಹಾಕ್ತೇನೆ" ಎಂದು ಹುಡುಗ ಗಡಿಬಿಡಿಯಿಂದ ಧೂಳಿನ ಬಟನ್ ಒತ್ತಿದ. ಹನ್ನೆರಡೂ ಬಗೆ ಒತ್ತಿದ. ಉಮ್ಮನ ಹಣೆ, ತಟ್ಟ, ಅಲಿಕತ್ತು, ಎಲ್ಲದರ ಮೇಲೂ ಧೂಳು ಬಿತ್ತು. ಎಡ ಕೆನ್ನೆಯ ಮೇಲೆ ಮಾತ್ರ ಒಂದೂ ಬೀಳಲಿಲ್ಲ.