ಚಹಾದಲ್ಲಿರುವ ಥಿಯನೈನ್‌ನಿಂದ ಆತಂಕ ನಿಜಕ್ಕೂ ತಗ್ಗುತ್ತದೆಯೇ?

ಹೇಮಾವತಿ ತೀರ:
ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನ ತಮ್ಮನಿಗೆ ಈಚೆಗೆ ಎದೆ ಡವಗುಟ್ಟುವುದು, ರಾತ್ರಿ ನಿದ್ದೆ ಬಾರದಿರುವುದು ಹೆಚ್ಚಾಗಿದೆ. ಗೆಳೆಯರ ಮಾತು ಕೇಳಿ ಕಾಫಿ ಬಿಟ್ಟು, ರಾತ್ರಿ ಓದುವಾಗಲೂ ಗ್ರೀನ್ ಟೀ ಕುಡಿಯುತ್ತಿದ್ದಾನೆ. ಅದರಲ್ಲಿರುವ ಎಲ್-ಥಿಯನೈನ್ ಮನಸ್ಸನ್ನು ಶಾಂತಗೊಳಿಸುತ್ತದೆ ಎಂದು ಪೊಟ್ಟಣದ ಮೇಲೂ ಅಚ್ಚಾಗಿದೆ. ಇದರಲ್ಲಿ ಎಷ್ಟು ನಿಜವಿದೆ? ಹಾಲು ಹಾಕಿ ಕುದಿಸುವ ನಮ್ಮ ಮನೆಯ ಚಹಾದಲ್ಲಿ ಈ ಅಂಶ ಇರುವುದಿಲ್ಲವೇ?

ನಿವೃತ್ತ ಮೇಷ್ಟ್ರು:
ಥಿಯನೈನ್ ಕಟ್ಟುಕಥೆಯಲ್ಲ. 1949ರಲ್ಲಿ ಜಪಾನಿನಲ್ಲಿ ಗ್ಯೊಕುರೊ ಎಂಬ ಚಹಾದಿಂದ ಇದನ್ನು ಮೊದಲು ಬೇರ್ಪಡಿಸಲಾಯಿತು. ಈ ಅಮೈನೊ ಆಮ್ಲ ಗಿಡದ ಬೇರಿನಲ್ಲಿ ತಯಾರಾಗಿ ಚಿಗುರಿಗೆ ಏರುತ್ತದೆ. ಅಲ್ಲಿ ಬಿಸಿಲು ಬಿದ್ದಂತೆ ಅದರ ಒಂದು ಪಾಲು ಒಗರಿನ ಕ್ಯಾಟೆಚಿನ್‌ಗಳ ತಯಾರಿಕೆಗೆ ವ್ಯಯವಾಗುವುದರಿಂದ, ಕೊಯ್ಲಿಗೆ ಮೊದಲು ಕೆಲವು ವಾರ ನೆರಳು ಕಟ್ಟಿ ಬೆಳೆಸುವ ಗ್ಯೊಕುರೊ, ಮಚ್ಚಾಗಳಲ್ಲಿ ಥಿಯನೈನ್ ಹೆಚ್ಚು ಉಳಿಯುತ್ತದೆ. ನಾವು ಕುಡಿಯುವ ಕಪ್ಪು ಚಹಾವೂ ಅದೇ ಗಿಡದ ಎಲೆಯಾದ್ದರಿಂದ ಅದರಲ್ಲಿಯೂ ಥಿಯನೈನ್ ಇದ್ದೇ ಇರುತ್ತದೆ.

ತೊಡಕಿರುವುದು ಪ್ರಮಾಣದಲ್ಲಿ. ಮನಸ್ಸಿನ ಒತ್ತಡ ತುಸು ತಗ್ಗಿದ್ದನ್ನು ಕಂಡ ಪ್ರಯೋಗಗಳಲ್ಲಿ ಸಾಮಾನ್ಯವಾಗಿ 200 ಮಿಲಿಗ್ರಾಂ ಶುದ್ಧ ಥಿಯನೈನ್ ಕೊಟ್ಟಿರುತ್ತಾರೆ. ಒಂದು ಲೋಟ ಚಹಾದಲ್ಲಿ ಹೆಚ್ಚೆಂದರೆ 20-30 ಮಿಲಿಗ್ರಾಂ ಸಿಕ್ಕೀತು. ಆ ಲೆಕ್ಕ ತುಂಬುವಷ್ಟು ಲೋಟ ಕುಡಿದರೆ ಜೊತೆಗೆ ಸೇರುವ ಕೆಫೀನ್ ಏನು ಮಾಡುತ್ತದೆಂಬುದನ್ನು ಪೊಟ್ಟಣದವರು ಬರೆಯುವುದಿಲ್ಲ.

ಔಷಧದಂಗಡಿ:
ಮೇಷ್ಟ್ರು ಹೇಳಿದ ಕೆಫೀನ್ ವಿಷಯವನ್ನೇ ಮುಂದುವರಿಸುತ್ತೇನೆ. ದಣಿವಿನ ಸೂಚನೆ ಕೊಡುವ ಅಡೆನೊಸಿನ್ ಮಿದುಳಿನಲ್ಲಿ ಕೂರಬೇಕಾದ ಜಾಗವನ್ನು ಕೆಫೀನ್ ಹಿಡಿದುಕೊಳ್ಳುತ್ತದೆ, ಮತ್ತು ಕುಡಿದದ್ದರಲ್ಲಿ ಅರ್ಧ ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಬೇಕು. ಗ್ರೀನ್ ಟೀಯಲ್ಲಿ ಅದು ಕಾಫಿಗಿಂತ ಕಡಿಮೆ, ಆದರೆ ಇಲ್ಲದಿಲ್ಲ. ಆದ್ದರಿಂದ ನಿಮ್ಮ ತಮ್ಮ ಮಧ್ಯಾಹ್ನದ ನಂತರದ ಚಹಾವನ್ನು ಬಿಟ್ಟು ನೋಡುವುದು ಮೊದಲ ಕೆಲಸ. ಕಾಫಿ ಥಟ್ಟನೆ ಬಿಟ್ಟವರಿಗೆ ಕೆಲವು ದಿನ ತಲೆನೋವು, ಸಿಡುಕು ಬರುವುದುಂಟು. ಅದನ್ನು ಹೊಸ ಕಾಯಿಲೆಯೆಂದು ತಿಳಿಯಬೇಕಿಲ್ಲ. ಮನೆಯಲ್ಲಿ ಯಾರಾದರೂ ಲಿಥಿಯಂ ಮಾತ್ರೆ ಸೇವಿಸುತ್ತಿದ್ದರೆ ಮಾತ್ರ ಕಾಫಿ, ಚಹಾಗಳನ್ನು ಒಮ್ಮೆಲೇ ನಿಲ್ಲಿಸಬಾರದು, ಏಕೆಂದರೆ ಆಗ ರಕ್ತದಲ್ಲಿ ಲಿಥಿಯಂ ಏರಬಹುದು. ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಹೇಮಾವತಿ ತೀರ:
ಇಬ್ಬರಿಗೂ ಧನ್ಯವಾದಗಳು. ರಾತ್ರಿ ಓದುವಾಗ ಬಿಸಿಯಾಗಿ ಏನಾದರೂ ಬೇಕೆನ್ನುತ್ತಾನೆ. ಕ್ಯಾಮೊಮೈಲ್ ತರಿಸಲೇ?

ಮಲೆನಾಡ ಅಡುಗೆಮನೆ:
ಕ್ಯಾಮೊಮೈಲ್ ಚಹಾ ಗಿಡವಲ್ಲ, ಸೇವಂತಿಗೆಯ ಬಳಗದ ಹೂವು, ಕೆಫೀನ್ ಇಲ್ಲ. ಅದರಲ್ಲಿರುವ ಎಪಿಜೆನಿನ್ ಎಂಬ ಅಂಶದ ಬಗ್ಗೆ ಆತಂಕಕ್ಕೆ ಸಂಬಂಧಿಸಿದ ಸಣ್ಣಪುಟ್ಟ ಅಧ್ಯಯನಗಳು ನಡೆದಿವೆ. ಸೇವಂತಿಗೆ ಜಾತಿಯ ಹೂಗಳು ಒಗ್ಗದವರಿಗೆ, ರಕ್ತ ತೆಳುವಾಗಿಸುವ ವಾರ್ಫರಿನ್ ಸೇವಿಸುವವರಿಗೆ ಅದು ಬೇಡ. ದುಬಾರಿ ಡಬ್ಬಿಯ ಬದಲು ಹುರಿದ ಕೊತ್ತಂಬರಿ, ಜೀರಿಗೆ ಪುಡಿಯ ಕಷಾಯಕ್ಕೆ ಹಾಲು, ಬೆಲ್ಲ ಹಾಕಿ ಕೊಟ್ಟರೂ ಸಾಕೆಂದು ನನ್ನ ಅಭಿಪ್ರಾಯ. ಅದು ಆತಂಕಕ್ಕೆ ಮದ್ದೆಂದು ನಾನು ಹೇಳುತ್ತಿಲ್ಲ, ನಿದ್ದೆ ಕೆಡಿಸುವುದಿಲ್ಲ ಅಷ್ಟೆ.

ಔಷಧದಂಗಡಿ:
ಸಂಜೆಯ ಚಹಾ ನಿಲ್ಲಿಸಿ ಎರಡು ವಾರ ಕಳೆದರೂ ಎದೆ ಡವಗುಟ್ಟುವುದು ತಗ್ಗದಿದ್ದರೆ ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಿ; ನಡುವೆ ತಲೆಸುತ್ತು, ಎದೆನೋವು ಕಂಡರೆ ಕಾಯಬೇಡಿ. ಮನಸ್ಸಿನ ಕಳವಳವನ್ನು ಹೇಳಿಕೊಳ್ಳಲು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಕರೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.