ಎಲಿನರ್ ಪೊವೆಲ್ ಕುಣಿತ: ನೋಡೋದಾ, ಕೇಳೋದಾ?

ಹಳೇರೀಲು
ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ ಅಂತ ಮತ್ತೆ ಅದೇ ಕುಣಿತ ಹಾಕ್ಕೊಂಡು ಕೂತೆ. 'ಬ್ರಾಡ್‌ವೇ ಮೆಲೊಡಿ ಆಫ್ 1940' ಅನ್ನೋ ಹಾಲಿವುಡ್ ಪಿಚ್ಚರಲ್ಲಿ ಎಲಿನರ್ ಪೊವೆಲ್ ಮತ್ತೆ ಫ್ರೆಡ್ ಅಸ್ಟೇರ್ ಕುಣೀತಾರಲ್ಲ, ಕೋಲ್ ಪೋರ್ಟರ್ ಹಾಡು 'ಬಿಗಿನ್ ದ ಬಿಗೀನ್'ಗೆ, ಅದು. ಕನ್ನಡಿ ಥರ ಹೊಳೆಯೋ ಕಪ್ಪು ನೆಲ, ಹಿಂದೆ ನಕ್ಷತ್ರದ ಹಾಗೆ ಸಣ್ಣ ಸಣ್ಣ ದೀಪ, ಇಬ್ರೂ ಬಿಳಿ ಬಟ್ಟೆ, ಅಷ್ಟೇ. ಟ್ಯಾಪ್ ಕುಣಿತ ಇದು, ಶೂ ಕೆಳಗೆ ಲೋಹದ ತಟ್ಟೆ ಇರುತ್ತೆ, ಹೆಜ್ಜೆ ಸದ್ದೇ ತಾಳ. ಕೊನೇ ಭಾಗದಲ್ಲಿ ಒಂದು ಕಡೆ ವಾದ್ಯ ಎಲ್ಲಾ ನಿಂತ್ಹೋಗುತ್ತೆ. ಉಳಿಯೋದು ನಾಲ್ಕು ಕಾಲಿನ ಸದ್ದು ಮಾತ್ರ. ಒಮ್ಮೆ ಅವನು ಒಂದು ಮಾತು ಹೇಳಿದ ಹಾಗೆ, ಇವಳು ಅದಕ್ಕೆ ಉತ್ತರ ಕೊಟ್ಟ ಹಾಗೆ, ಆಮೇಲೆ ಇಬ್ರೂ ಒಟ್ಟಿಗೆ. ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಪ್ರತಿ ಸಲ ಆ ಜಾಗ ಬಂದಾಗ ಉಸಿರು ಹಿಡ್ಕೋತೀನಿ.

ನನ್ನ ವಾದ ಇಷ್ಟೇ. ಹಾಲಿವುಡ್ ಮ್ಯೂಸಿಕಲ್‌ಗಳಲ್ಲಿ ಕುಣಿದ ಹೆಂಗಸರಲ್ಲಿ ಪೊವೆಲ್‌ಗೆ ಸಮ ಯಾರೂ ಇಲ್ಲ, ಯಾಕಂದ್ರೆ ಉಳಿದವರನ್ನ ನಾವು ನೋಡ್ತೀವಿ, ಇವಳನ್ನ ಕೇಳ್ತೀವಿ. ಒಪ್ಪದೇ ಇರೋರು ಹೇಳಿ, ಜಗಳ ಇಲ್ಲ.

ಮೃದಂಗದಹುಡುಗ
ಅಣ್ಣಾ ನೂರಕ್ಕೆ ನೂರು. ನಾನು ಹತ್ತು ವರ್ಷದಿಂದ ಮೃದಂಗ ಕಲೀತಿದೀನಿ, ನಂಗೆ ಅದು ತನಿ ಆವರ್ತನ, ಅಂದ್ರೆ ಕಚೇರೀಲಿ ತಾಳವಾದ್ಯ ಮಾತ್ರ ನುಡಿಯೋ ಭಾಗ, ಕೇಳಿದ ಹಾಗೇ ಆಗೋದು. ಇಬ್ರು ಪಕ್ಕವಾದ್ಯದೋರು ಒಬ್ರಿಗೊಬ್ರು ಬಿಟ್ಟುಕೊಡ್ತಾ, ಚಿಕ್ಕದು ಮಾಡ್ತಾ ಮಾಡ್ತಾ ಕೊನೇಗೆ ಕೂಡಿ ಮುಕ್ತಾಯ ಹೊಡೀತಾರಲ್ಲ, ಅದೇ ಲಯ ಅದೇ ಸಂತೋಷ. ಅವಳ ಒಂದೊಂದು ಪೆಟ್ಟೂ ಬೇರೆ ಬೇರೆ ಕೇಳುತ್ತೆ, ಎಷ್ಟೇ ವೇಗ ಏರಿಸಿದ್ರೂ ಒಂದಕ್ಕೊಂದು ಅಂಟಿಕೊಳ್ಳಲ್ಲ. ಗುರುಗಳು ನಮಗೆ ದಿನಾ ಹೇಳೋದೂ ಅದನ್ನೇ, ವೇಗ ಆಮೇಲೆ, ಮೊದಲು ಅಕ್ಷರ ಬಿಡಿಬಿಡಿಯಾಗಿ ಬರಲಿ ಅಂತ.

ಧಾರವಾಡದವ
ನಾ ಒಪ್ಪಂಗಿಲ್ರಿ. ಪೊವೆಲ್ ಭಾರಿ ಗಟ್ಟಿ, ಅದರಾಗ ಎರಡು ಮಾತಿಲ್ಲ, ಆದ್ರ ಎದಿಗೆ ಹತ್ತಂಗಿಲ್ಲ ನೋಡ್ರಿ. ಹಾಡು ಯಾವುದೇ ಇರ್ಲಿ, ಕಥಿ ಯಾವುದೇ ಇರ್ಲಿ, ಮುಖದ ಮ್ಯಾಲೆ ಅದೇ ಒಂದು ನಗು. ಸಿಡ್ ಚರೀಸ್‌ನ ನೋಡ್ರಿ. 1953ರ 'ದ ಬ್ಯಾಂಡ್ ವ್ಯಾಗನ್'ನಾಗ ಅಸ್ಟೇರ್ ಜೋಡಿ ರಾತ್ರಿ ಪಾರ್ಕಿನ್ಯಾಗ ಸುಮ್ಮನ ನಡಕೋಂತ ಬರ್ತಾಳ, ಬಿಳಿ ಅಂಗಿ, ಮಾತಿಲ್ಲ ಕಥಿಲ್ಲ. ನಡಿಗಿ ಯಾವಾಗ ಕುಣಿತ ಆತು ಅಂತ ನಮಗ ಗೊತ್ತ ಆಗಂಗಿಲ್ಲ. ಇಬ್ಬರಿಗೂ ಒಬ್ಬರ ಮ್ಯಾಲೆ ಒಬ್ಬರಿಗೆ ನಂಬಿಗಿ ಹುಟ್ಟೋದು ಆ ಕುಣಿತದಾಗ, ಮಾತಿನಾಗ ಅಲ್ಲ. ಅದರ ಹಿಂದಿನ ವರ್ಷ 'ಸಿಂಗಿಂಗ್ ಇನ್ ದ ರೇನ್'ನಾಗ ಹಸಿರು ಅಂಗಿ ಹಾಕ್ಕೊಂಡು ಬರ್ತಾಳಲ್ಲ, ಜೀನ್ ಕೆಲ್ಲಿಯ ಹ್ಯಾಟು ಆಕಿ ಕಾಲಿನ ತುದಿಗೆ ತೂಗಾಡ್ತಿರ್ತದ, ಇಡೀ ಪಿಚ್ಚರಿನಾಗ ಒಂದು ಮಾತು ಆಡಂಗಿಲ್ಲ, ಆದ್ರೂ ಪಿಚ್ಚರ್ ಮುಗದ ಮ್ಯಾಲೆ ನೆನಪಿರೋದು ಆಕಿನ. ಸಣ್ಣಾಕಿ ಇದ್ದಾಗ ಪೋಲಿಯೋ ಆಗಿತ್ರಿ ಆಕಿಗೆ, ಮೈಗೆ ಶಕ್ತಿ ಬರ್ಲಿ ಅಂತ ಬ್ಯಾಲೆ ಕಲಿಸಿದ್ರು. ಆ ಕಾಲು ಮಾತಾಡ್ತಾವು. ಪೊವೆಲ್ ಕಾಲು ಎಣಿಸ್ತಾವು.

ಗೆಜ್ಜೆಸದ್ದು
ಧಾರವಾಡದವ್ರೇ, "ಎಣಿಸ್ತಾವು" ಅನ್ನೋದು ಬೈಗುಳ ಯಾಕಾಗ್ಬೇಕು ಅಂತ ನನಗೆ ಅರ್ಥ ಆಗ್ಲಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಭರತನಾಟ್ಯ ಹೇಳ್ಕೊಡ್ತಿದೀನಿ. ನಮ್ಮಲ್ಲಿ ನೃತ್ತ ಬೇರೆ, ಅಭಿನಯ ಬೇರೆ. ನೃತ್ತ ಅಂದ್ರೆ ಬರೀ ಹೆಜ್ಜೆ-ತಾಳ, ಜತಿಸ್ವರ ಆ ಥರದ್ದು. ಅಭಿನಯ ಅಂದ್ರೆ ಭಾವ ತೋರಿಸೋದು, ಪದ ಆ ಥರದ್ದು. ಜತಿಸ್ವರ ನೋಡಿ ಯಾರಾದ್ರೂ "ಇದರಲ್ಲಿ ವಿರಹ ಎಲ್ಲಿ" ಅಂತ ಕೇಳ್ತಾರಾ? ಅಲ್ಲಿ ದೇಹಕ್ಕೂ ತಾಳಕ್ಕೂ ನಡೆಯೋ ಸಂಬಂಧವೇ ವಿಷಯ. ಚರೀಸ್ ಮಾಡೋದು ಪದ, ಪೊವೆಲ್ ಮಾಡೋದು ಜತಿಸ್ವರ. ಪದದ ಅಳತೆಗೋಲು ತಗೊಂಡು ಜತಿಸ್ವರ ಅಳೆದ್ರೆ ಸಿಗೋದು ಏನು?

ಇನ್ನೊಂದು ವಿಷಯ. ಪೊವೆಲ್ ಮೊದಲು ಕಲ್ತಿದ್ದು ಬ್ಯಾಲೆ ಮತ್ತೆ ಅಕ್ರೊಬ್ಯಾಟಿಕ್ಸ್. ಅವಳಿಗೆ ಟ್ಯಾಪ್ ಇಷ್ಟಾನೇ ಇರ್ಲಿಲ್ಲ. ನ್ಯೂಯಾರ್ಕಿಗೆ ಬಂದ ಮೇಲೆ ಟ್ಯಾಪ್ ಬರದಿದ್ರೆ ಕೆಲಸ ಸಿಗಲ್ಲ ಅಂತ ಜ್ಯಾಕ್ ಡೊನಹ್ಯೂ ಅನ್ನೋ ಟ್ಯಾಪ್ ಕಲಾವಿದನ ಹತ್ರ ಹತ್ತು ಪಾಠ ತಗೊಂಡ್ಳು. ಬ್ಯಾಲೆ ಕಲಿತ ಮೈ, ಮೇಲಕ್ಕೇ ಹಾರ್ತಿತ್ತು. ಅದಕ್ಕೆ ಡೊನಹ್ಯೂ ಏನು ಮಾಡಿದ ಅಂದ್ರೆ, ಸೈನ್ಯದ ಬೆಲ್ಟ್ ಒಂದನ್ನ ಅವಳ ಸೊಂಟಕ್ಕೆ ಬಿಗಿದು ಎರಡೂ ಕಡೆ ಮರಳಿನ ಚೀಲ ತೂಗುಹಾಕಿದ, ನೆಲಕ್ಕೆ ಅಂಟಿಕೊಂಡಿರಲಿ ಅಂತ. ಇದನ್ನ ಓದಿದ ದಿನ ನಾನು ಕ್ಲಾಸಿಗೆ ಹೋಗಿ ಮಕ್ಕಳಿಗೆ ಹೇಳ್ದೆ. ಅರಮಂಡಿಯಲ್ಲಿ, ಅಂದ್ರೆ ಮಂಡಿ ಬಗ್ಗಿಸಿ ಅರ್ಧ ಕೂತ ಭಂಗಿಯಲ್ಲಿ, ಕೂರೋದಕ್ಕೆ ಅಳೋ ಮಕ್ಕಳಿಗೆ ಅದು ಚೆನ್ನಾಗಿ ಅರ್ಥ ಆಯ್ತು. ಪೊವೆಲ್ ಕಾಲನ್ನ ಮುಂದಿನ ಸಲ ನೋಡುವಾಗ ಮೇಲಿನ ಅರ್ಧ ಬಿಟ್ಟು ಮಂಡಿಯಿಂದ ಕೆಳಗೆ ಮಾತ್ರ ನೋಡಿ. ಕಾಲ್ಬೆರಳು ಒಂದು ಸದ್ದು, ಹಿಮ್ಮಡಿ ಒಂದು ಸದ್ದು, ನಮ್ಮ ಕುದಿತ್ತುಮೆಟ್ಟು ಅಡವಿನ ಹಾಗೇ. ಅಷ್ಟು ಭಾರ ಕೆಳಗೆ ಇಟ್ಕೊಂಡು ಸೊಂಟದಿಂದ ಮೇಲೆ ಬಳ್ಳಿ ಥರ ಹಿಂದಕ್ಕೆ ಬಾಗ್ತಾಳೆ. ಎರಡೂ ವಿದ್ಯೆ ಒಂದೇ ಮೈಯಲ್ಲಿ.

ಹಳೇರೀಲು
ಮೇಡಂ ಆ ಪದ-ಜತಿಸ್ವರದ ಮಾತು ನಾನು ಇಷ್ಟು ವರ್ಷದಿಂದ ಹೇಳಕ್ಕೆ ಒದ್ದಾಡ್ತಿದ್ದ ಮಾತು. ಅಸ್ಟೇರ್ ಕೂಡ ತನ್ನ ಆತ್ಮಕಥೆಯಲ್ಲಿ ಪೊವೆಲ್ ಬಗ್ಗೆ ಬರೆದಿದಾನೆ, ಹೆಜ್ಜೇನ ಗಂಡಸಿನ ಹಾಗೆ ಇಡ್ತಾಳೆ, ಟ್ಯಾಪ್‌ನಲ್ಲಿ ಅವಳ ವರ್ಗವೇ ಬೇರೆ ಅಂತ. ಅಸ್ಟೇರ್ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇನ್ನೇನು ಬೇಕು.

ಗೆಜ್ಜೆಸದ್ದು
ಆ ಹೊಗಳಿಕೆ ನನಗೆ ಅರ್ಧ ಮಾತ್ರ ಹಿಡಿಸೋದು. ಗಟ್ಟಿಯಾಗಿ ಹೆಜ್ಜೆ ಇಟ್ರೆ ಅದು ಗಂಡಸಿನದು, ಹಗುರವಾಗಿ ಇಟ್ರೆ ಹೆಂಗಸಿನದು ಅಂತ ಯಾರು ಬರೆದಿಟ್ರು? ಅವಳು ಎಲಿನರ್ ಪೊವೆಲ್ ಹಾಗೆ ಹೆಜ್ಜೆ ಇಡ್ತಿದ್ಳು. ತನ್ನ ಟ್ಯಾಪ್ ಹೆಜ್ಜೆಗಳನ್ನ ತಾನೇ ಕಟ್ಟಿಕೊಳ್ತಿದ್ಳು, ಗಂಟೆಗಟ್ಟಲೆ ರಿಹರ್ಸಲ್ ಮಾಡ್ತಿದ್ಳು. ಆಗಿನ ಹಾಲಿವುಡ್‌ನಲ್ಲಿ ಹೀರೋಯಿನ್ ಅಂದ್ರೆ ಹೀರೋ ತೋಳಲ್ಲಿ ತಿರುಗೋಳು. ಇವಳು ಒಬ್ಬಳೇ ನಿಂತು ಇಡೀ ಯುದ್ಧದ ಹಡಗಿನ ಸೆಟ್ ತುಂಬಿಸಿದಳು, 1936ರಲ್ಲಿ, 'ಬಾರ್ನ್ ಟು ಡ್ಯಾನ್ಸ್' ಕೊನೇಲಿ.

ಹಳೇರೀಲು
ಸರಿ ಮೇಡಂ, ನೀವು ಹೇಳೋದು ನ್ಯಾಯ. ನಾನು ಅದನ್ನ ಆ ಕಡೆಯಿಂದ ಯೋಚಿಸಿರ್ಲಿಲ್ಲ.

ಕಡಲತೀರ
ನಾನು ಬೆಳಿಗ್ಗೆಯಿಂದ ಓದ್ತಾ ಉಂಟು, ಒಂದು ಮಾತು ಯಾರೂ ಹೇಳ್ಲಿಲ್ಲ ಮಾರಾಯ್ರೇ. ಈ ಟ್ಯಾಪ್ ಅನ್ನೋದು ಎಲ್ಲಿಂದ ಬಂತು? ಅದನ್ನ ಕಟ್ಟಿ ಬೆಳೆಸಿದವರಲ್ಲಿ ಮುಂದೆ ಇದ್ದದ್ದು ಅಮೆರಿಕದ ಕಪ್ಪು ಜನ. ಪೊವೆಲ್ಲೋ ಚರೀಸೋ ಅಂತ ತಕ್ಕಡಿ ಹಿಡಿಯುವ ಮೊದಲು 1943ರ 'ಸ್ಟಾರ್ಮಿ ವೆದರ್' ಒಮ್ಮೆ ನೋಡಿ. ನಿಕೊಲಸ್ ಬ್ರದರ್ಸ್, ಫೇಯರ್ಡ್ ಮತ್ತು ಹೆರೊಲ್ಡ್. ಕ್ಯಾಬ್ ಕ್ಯಾಲೊವೇ ವಾದ್ಯದವರ ನಡುವೆ ಹಾರಿ, ಕೊನೆಗೆ ಆ ದೊಡ್ಡ ಮೆಟ್ಟಿಲು ಇಳಿಯುತ್ತಾರೆ. ಇಳಿಯುವುದು ಹೇಗೆ ಅಂದ್ರೆ ಒಬ್ಬನ ತಲೆಯ ಮೇಲಿಂದ ಇನ್ನೊಬ್ಬ ಹಾರಿ ಕೆಳಗಿನ ಮೆಟ್ಟಿಲಲ್ಲಿ ಎರಡೂ ಕಾಲು ಚಾಚಿ ಬೀಳುವುದು, ಮತ್ತೆ ಅಲ್ಲಿಂದ ಏಳುವುದು, ಹಾಗೇ ಕೆಳಗಿನವರೆಗೆ. ಅವರಿಗೆ ಡ್ಯಾನ್ಸ್ ಕಲಿಸಿದ ಗುರುಗಳು ಯಾರೂ ಇಲ್ಲ, ಅಪ್ಪ ಅಮ್ಮ ಫಿಲಡೆಲ್ಫಿಯಾದ ಥಿಯೇಟರಿನಲ್ಲಿ ವಾದ್ಯ ನುಡಿಸುತ್ತಿದ್ದರು, ಫೇಯರ್ಡ್ ಎದುರು ಕೂತು ನೋಡಿ ನೋಡಿ ಕಲಿತು ತಮ್ಮನಿಗೆ ಕಲಿಸಿದ. ಅಷ್ಟು ದೊಡ್ಡ ಕಲಾವಿದರಿಗೆ ಪಿಚ್ಚರಿನಲ್ಲಿ ಕಥೆ ಇರಲಿಲ್ಲ. ಹೆಚ್ಚಿನ ಪಿಚ್ಚರುಗಳಲ್ಲಿ ಬರ್ತಾರೆ, ಕುಣೀತಾರೆ, ಹೋಗ್ತಾರೆ. ಯಾಕೆ ಅಂದ್ರೆ ಅಮೆರಿಕದ ದಕ್ಷಿಣದ ಊರುಗಳ ಥಿಯೇಟರಿನವರು ಅವರ ಭಾಗವನ್ನ ಕತ್ತರಿಸಿ ತೆಗೆದ್ರೂ ಕಥೆ ಮುರಿಯಬಾರದು.

ಪೊವೆಲ್ ವಿಷಯಕ್ಕೇ ಬರ್ತೇನೆ. ಬಿಲ್ ರಾಬಿನ್ಸನ್ ಅಂತ ಮೆಟ್ಟಿಲ ಕುಣಿತಕ್ಕೆ ಹೆಸರಾದ ಕಪ್ಪು ಕಲಾವಿದ, ಅವನ ಜೊತೆ ಅವಳು ನ್ಯೂಯಾರ್ಕಿನ ಖಾಸಗಿ ಪಾರ್ಟಿಗಳಲ್ಲಿ ಕುಣಿದಿದ್ದಾಳೆ. 1939ರ 'ಹೊನೊಲುಲು' ಪಿಚ್ಚರಿನಲ್ಲಿ ಅವನಿಗೆ ಗೌರವ ಅಂತ ಮೆಟ್ಟಿಲ ಮೇಲೆ ಕುಣೀತಾಳೆ, ಮುಖಕ್ಕೆ ಕಪ್ಪು ಬಳಿದುಕೊಂಡು. ಬಿಳಿಯರು ಕಪ್ಪು ಜನರನ್ನ ಗೇಲಿ ಮಾಡ್ಲಿಕ್ಕೆ ಹಾಕ್ತಿದ್ದ ವೇಷ ಅದು. ಅದನ್ನ ನಾನು ಪೂರ್ತಿ ನೋಡ್ಲಿಕ್ಕೆ ಆಗ್ಲಿಲ್ಲ.

ಹಳೇರೀಲು
ಆ ಕುಣಿತ ನಾನೂ ನೋಡಿದೀನಿ. ಒಂದೇ ಸಲ. ಅದರ ಬಗ್ಗೆ ಮಾತಾಡದೇ ಇದ್ದಿದ್ದು ನನ್ನ ತಪ್ಪು, ಇಷ್ಟಪಟ್ಟವರ ವಿಷಯದಲ್ಲಿ ಹಾಗಾಗಿಬಿಡುತ್ತೆ. ಅಸ್ಟೇರ್ ಕೂಡ 1936ರಲ್ಲಿ 'ಸ್ವಿಂಗ್ ಟೈಮ್'ನಲ್ಲಿ ಅದೇ ರಾಬಿನ್ಸನ್ ಹೆಸರಲ್ಲಿ ಅದನ್ನೇ ಮಾಡಿದ, ಆದ್ರೆ ಅದು ಇವಳಿಗೆ ಸಮರ್ಥನೆ ಆಗಲ್ಲ. ಗೌರವ ಕೊಡೋಕೆ ಹೊರಟೋರಿಗೇ ಅದು ಅವಮಾನ ಅಂತ ಕಾಣದ ಕಾಲ ಅದು, ಕಾಣಿಸಬೇಕಿತ್ತು. ಅವಳ ಕಾಲಲ್ಲಿ ಕೇಳೋ ಲಯದ ಹಿಂದೆ ರಾಬಿನ್ಸನ್ ಅಂಥವರ ವಿದ್ಯೆ ಇದೆ ಅನ್ನೋದನ್ನ ಇನ್ಮೇಲೆ ಬಿಡದೆ ಹೇಳ್ತೀನಿ.

ಕಡಲತೀರ
ಅಷ್ಟು ಹೇಳಿದ್ರೆ ಸಾಕು. ಅವಳ ಕುಣಿತ ನನಗೂ ಇಷ್ಟವೇ, ಇಲ್ಲದಿದ್ದರೆ ಇಷ್ಟು ಬರೀತಿರಲಿಲ್ಲ.

ನ್ಯೂಜೆರ್ಸಿಅಮ್ಮ
ನಾನು ತಡವಾಗಿ ಬಂದೆ. ಮಗಳು ಇಲ್ಲಿ ಮೂರು ವರ್ಷದಿಂದ ಟ್ಯಾಪ್ ಕ್ಲಾಸಿಗೆ ಹೋಗ್ತಿದಾಳೆ, ಅವಳ ಶೂ ಕೈಯಲ್ಲಿ ಹಿಡಿದಾಗಲೇ ನಂಗೆ ಈ ಕೇಳೋ ವಿಷಯ ತಲೆಗೆ ಹೋಗಿದ್ದು. ಬೆರಳಿನ ಕೆಳಗೆ ಒಂದು ಲೋಹದ ತಟ್ಟೆ, ಹಿಮ್ಮಡಿ ಕೆಳಗೆ ಒಂದು, ಸ್ಕ್ರೂ ಹಾಕಿ ಕೂರಿಸಿರ್ತಾರೆ. ಸ್ಕ್ರೂ ಬಿಗಿ ಮಾಡಿದ್ರೆ ಸದ್ದು ಒಣಗಿದ ಹಾಗೆ ಚುರುಕಾಗಿ ಬರುತ್ತೆ, ಒಂಚೂರು ಸಡಿಲ ಮಾಡಿದ್ರೆ ಹಿಂದೆ ಒಂದು ಝಣ ಉಳಿಯುತ್ತೆ. ಮಗಳು ಕ್ಲಾಸಿಗೆ ಮೊದಲು ಸ್ಕ್ರೂಡ್ರೈವರ್ ಇಟ್ಕೊಂಡು ಕೂರ್ತಾಳೆ, ಥೇಟ್ ನಮ್ಮಪ್ಪ ತಬಲಾಕ್ಕೆ ಸುತ್ತಿಗೆ ಹಿಡ್ಕೊಂಡು ಕೂರ್ತಿದ್ದ ಹಾಗೆ.

ಧಾರವಾಡದವ
ಅಕ್ಕಾರ, ಹಂಗಂದ್ರ ಒಂದು ಪ್ರಶ್ನೆ. ಆ ಕಾಲದ ಪಿಚ್ಚರಿನಾಗ ಟ್ಯಾಪ್ ಸದ್ದು ಶೂಟಿಂಗ್ ಟೈಮಿನಾಗ ತುಂಬಿಕೊಂಡಿದ್ದಲ್ಲ, ಆಮ್ಯಾಲೆ ಡಬ್ ಮಾಡಿದ್ದು ಅಂತ ಓದೀನಿ. ಡಬ್ ಮಾಡಿದ ಸದ್ದಿಗೆ "ಕೇಳ್ತೀವಿ ಕೇಳ್ತೀವಿ" ಅಂತ ಎದಿ ಬಡಕೊಳ್ಳೋದು ಎಷ್ಟು ಸರಿ?

ನ್ಯೂಜೆರ್ಸಿಅಮ್ಮ
ಡಬ್ ಮಾಡಿದ್ದು ಹೌದು, ಮಾಡಿದ್ದು ಪೊವೆಲ್ಲೇ! ಪಿಚ್ಚರ್ ಮುಂದೆ ನಿಂತು, ತಾನೇ ಕುಣಿದಿದ್ದನ್ನ ನೋಡ್ತಾ ಅದೇ ಹೆಜ್ಜೇನ ಮತ್ತೆ ಮೊದಲಿಂದ ಹಾಕಿ ಸದ್ದು ಕೂರಿಸ್ಬೇಕು. ಎರಡು ಸಲ ಕುಣಿದ ಹಾಗೆ, ಎರಡನೇ ಸಲ ಕೂದಲೆಳೆಯಷ್ಟೂ ಆಚೀಚೆ ಆಗೋ ಹಾಗಿಲ್ಲ. ಅವಳ ಹಾಡು ಬೇರೆಯವರ ದನಿ, ನಿಮ್ಮ ಚರೀಸ್‌ದೂ ಅಷ್ಟೇ. ಆದ್ರೆ ಕಾಲಿನ ದನಿ ಅವಳದ್ದೇ.

ಇನ್ನೊಂದು ಎಲ್ರೂ ನೋಡ್ಲೇಬೇಕು. 1941ರ 'ಲೇಡಿ ಬಿ ಗುಡ್'ನಲ್ಲಿ 'ಫ್ಯಾಸಿನೇಟಿಂಗ್ ರಿದಮ್' ಅಂತ ಒಂದು ಕುಣಿತ, ಬಸ್ಬಿ ಬರ್ಕ್ಲಿ ತೆಗೆಸಿದ್ದು. ಪೊವೆಲ್ ಕುಣೀತಾ ಮುಂದಕ್ಕೆ ಸಾಗ್ತಾಳೆ, ಒಂದಾದ ಮೇಲೆ ಒಂದು ಪಿಯಾನೊ ಸಿಗ್ತಾ ಹೋಗುತ್ತೆ, ಪರದೆ ಸರೀತಾ ಹೋಗುತ್ತೆ. 1994ರಲ್ಲಿ ಬಂದ 'ದಟ್ಸ್ ಎಂಟರ್‌ಟೇನ್‌ಮೆಂಟ್' ಮೂರನೇ ಭಾಗದಲ್ಲಿ ಅದರ ಶೂಟಿಂಗ್ ಹೇಗೆ ನಡೀತು ಅಂತ ಪಕ್ಕದಲ್ಲೇ ತೋರಿಸಿದಾರೆ. ಕ್ಯಾಮೆರಾ ದಾಟಿದ ಕ್ಷಣ ಆಳುಗಳು ಓಡಿ ಬಂದು ಪಿಯಾನೊ ಎಳ್ಕೊಂಡು ಹೋಗೋದು, ಪರದೆ ಸರಿಸೋದು, ಆ ಕಡೆ ಅಷ್ಟು ಗಲಾಟೆ. ಈ ಕಡೆ ಅವಳ ಮುಖದ ಮೇಲೆ ಅದೇ ನಗು. ನೀವು ಬರೀ ನಗು ಅಂದ್ರಲ್ಲ, ಅದನ್ನ ನೋಡಿದ ಮೇಲೆ ಆ ನಗು ನಂಗೆ ಬೇರೇನೇ ಕಾಣ್ತು. ಅಂಥ ಗದ್ದಲದ ನಡುವೆ ಒಂದು ಹೆಜ್ಜೆ ತಪ್ಪಿದ್ರೂ ಮತ್ತೆ ಮೊದಲಿಂದ. ಆದ್ರೂ ಖುಷಿಯಾಗಿದಾಳೆ, ನಿಜವಾಗ್ಲೂ.

ಮೃದಂಗದಹುಡುಗ
ಅಷ್ಟು ದೊಡ್ಡವಳು ಆಮೇಲೆ ಯಾಕೆ ನಿಲ್ಲಿಸಿಬಿಟ್ಳು? 1943ರ ನಂತರ ಪಿಚ್ಚರುಗಳೇ ಕಾಣಲ್ವಲ್ಲ.

ಹಳೇರೀಲು
1943ರಲ್ಲಿ ನಟ ಗ್ಲೆನ್ ಫೋರ್ಡ್‌ನ ಮದ್ವೆ ಆದ್ಳು, ಮಗ ಹುಟ್ಟಿದ, ಒಂದೆರಡು ಪಿಚ್ಚರ್ ಬಿಟ್ರೆ ಸಿನಿಮಾ ಅಲ್ಲಿಗೆ ಮುಗೀತು. ಮದ್ವೆ ಆದಾಗ ಅವಳಿಗೆ ಮೂವತ್ತೊಂದು ತುಂಬಿರ್ಲಿಲ್ಲ. 1959ರಲ್ಲಿ ಮದ್ವೆ ಮುರೀತು. 1961ರಲ್ಲಿ, ನಲವತ್ತೆಂಟನೇ ವಯಸ್ಸಿನಲ್ಲಿ, ಮತ್ತೆ ಶೂ ಕಟ್ಟಿ ಲಾಸ್ ವೇಗಸ್‌ನಲ್ಲಿ ಸ್ಟೇಜ್ ಹತ್ತಿದ್ಳು. 1981ರಲ್ಲಿ ಅಸ್ಟೇರ್‌ಗೆ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸನ್ಮಾನ ಮಾಡಿದಾಗ ಬಂದು ಮಾತಾಡಿದ್ಳು, ಸಭೆ ಎದ್ದು ನಿಂತು ಚಪ್ಪಾಳೆ ಹೊಡೀತು. ಮುಂದಿನ ವರ್ಷ ಫೆಬ್ರವರಿಯಲ್ಲಿ ತೀರ್ಕೊಂಡ್ಳು. ಆ ಬಿಗೀನ್ ರಿಹರ್ಸಲ್ ಶುರುವಾದಾಗ ಇಬ್ರೂ ಎಷ್ಟು ಹೆದರಿದ್ರು ಅಂತ ಅವಳೇ ನೆನಪಿಸ್ಕೋತಿದ್ಳು, ಮಿಸ್ಟರ್ ಅಸ್ಟೇರ್, ಮಿಸ್ ಪೊವೆಲ್ ಅಂತಾನೇ ನಡೀತಿತ್ತಂತೆ. ಕೊನೇಗೆ ಅವಳೇ ಅಂದ್ಳಂತೆ, ಹೀಗಾದ್ರೆ ಆಗಲ್ಲ, ನನ್ನ ಹೆಸರು 'ಎಲ್ಲೀ', ನಿನ್ನ ಹೆಸರು ಫ್ರೆಡ್, ನಾವಿಬ್ರೂ ಕುಣಿಯೋ ಜನ ಅಷ್ಟೇ ಅಂತ.

ಧಾರವಾಡದವ
ರಾತ್ರಿ ಊಟ ಆದ ಮ್ಯಾಲೆ ಆ 'ಬಿಗಿನ್ ದ ಬಿಗೀನ್' ಹಾಕಿ ಕಣ್ಣು ಮುಚ್ಚಿ ಕೇಳಿದೆ. ವಾದ್ಯ ನಿಂತ ಜಾಗಾದಾಗ ಯಾವುದು ಅಸ್ಟೇರ್ ಕಾಲು ಯಾವುದು ಪೊವೆಲ್ ಕಾಲು ಅಂತ ಹುಡುಕಾಕ ಹೋದೆ, ಆಗಲಿಲ್ಲ. ಮೂರು ಸಲ ಹಾಕಿದೆ. ಮೂರನೇ ಸಲಕ್ಕ ನಮ್ಮನಿಯಾಕಿ ಒಳಗಿಂದ "ಏನ್ರೀ ಅದು, ಮಳಿ ಬಂತೇನು" ಅಂತ ಕೇಳಿದ್ಳು. ಸಿಡ್ ಚರೀಸ್‌ನ ಬಿಟ್ಟುಕೊಡಂಗಿಲ್ಲ ನಾ, ಆ ಪಾರ್ಕಿನ ಕುಣಿತ ನನ್ನ ಕೂಡನ ಇರ್ತದ. ಆದ್ರ ಪೊವೆಲ್‌ದು ಎದಿಗೆ ಹತ್ತಂಗಿಲ್ಲ ಅಂದಿದ್ದು ವಾಪಸ್ ತಗೊಂತೀನಿ. ಒಬ್ಬಾಕಿನ ಕುಣಿದಿದ್ದರಾಗ ಮತ್ತ ಯಾವುದು ನೋಡ್ಲಿ ಹೇಳ್ರಿ.

ನ್ಯೂಜೆರ್ಸಿಅಮ್ಮ
'ಲೇಡಿ ಬಿ ಗುಡ್'ನಲ್ಲೇ ಇನ್ನೊಂದಿದೆ, ಮನೆಯೊಳಗೆ ನಾಯಿ ಜೊತೆ ಕುಣಿಯೋದು. ಆ ನಾಯಿಗೆ ಅವಳೇ ಕಲಿಸಿದ್ದು, ಹೆಸರು ಬಟನ್ಸ್. ಕಾಲ ಸಂದೀಲಿ ತೂರಿ ತೂರಿ ಬರುತ್ತೆ. ಮನೆಯವರನ್ನೂ ಕರ್ಕೊಂಡು ನೋಡಿ.